ಅಪ್‌ಡೇಟ್: ಕ್ಯಾಮೆರಾದ ಫೋಟೋಗಳು ಕೊನೆಗೂ ಲ್ಯಾಪ್‌ಟಾಪಿಗೆ ಬಂದವು

ಕ್ಯಾಮೆರಾವನ್ನು ಯುಎಸ್‌ಬಿ ಕೇಬಲ್‌ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿದರೆ ಬ್ಯಾಟರಿ ಚಾರ್ಜ್ ಆಗುತ್ತದೆಯೇ ಹೊರತು ಫೋಟೋಗಳ ಫೋಲ್ಡರ್ ಕಾಣಿಸುವುದಿಲ್ಲ ಎಂದು ಕಳೆದ ವಾರ ಕೇಳಿದ್ದೆ. ಡ್ರೈವರ್ (ಕ್ಯಾಮೆರಾವನ್ನು ಗುರುತಿಸಲು ಲ್ಯಾಪ್‌ಟಾಪಿಗೆ ನೆರವಾಗುವ ತಂತ್ರಾಂಶ) ಗೊಡವೆಗೆ ಹೋಗುವ ಮೊದಲು ಕೇಬಲ್ ಬದಲಿಸಿ ನೋಡಿ ಎಂದವರ ಮಾತೇ ನಿಜವಾಯಿತು. ನಾನು ಬಳಸುತ್ತಿದ್ದದ್ದು ಪುಟ್ಟ ಟೇಬಲ್ ಫ್ಯಾನಿನ ಜೊತೆ ಬಂದಿದ್ದ ಕೇಬಲ್. ಸಾಮಾನ್ಯ ಯುಎಸ್‌ಬಿ 2.0 ಕೇಬಲ್‌ನಲ್ಲಿ ವಿದ್ಯುತ್ತಿಗೆ ಎರಡು, ಡೇಟಾಕ್ಕೆ ಎರಡು, ಹೀಗೆ 4 ತಂತಿಗಳಿದ್ದರೆ, ಚಾರ್ಜಿಂಗಿಗೆಂದೇ ಮಾಡಿದ ಇಂಥ ಅಗ್ಗದ ಕೇಬಲ್‌ನಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಎರಡು ಸಂಜೆ ಡ್ರೈವರ್ ಹುಡುಕಿದ್ದು ನೀರಿನಲ್ಲಿ ಹೋಮ ಮಾಡಿದಂತಾಯಿತು.

ಹೊಸ ಕೇಬಲ್ ಬರುವವರೆಗೆ ಕಾಯಲಾರದೆ ಮೆಮೊರಿ ಕಾರ್ಡನ್ನೇ ತೆಗೆದು ಹಳೆಯ ಕಾರ್ಡ್ ರೀಡರಿಗೆ ಹಾಕಿದ್ದು ಮತ್ತೊಂದು ಪೇಚಾಟಕ್ಕೆ ಕಾರಣವಾಯಿತು. ಬಳಸುವ ಮೊದಲು ಡಿಸ್ಕನ್ನು ಫಾರ್ಮ್ಯಾಟ್ (ಅಂದರೆ ಇರುವುದನ್ನೆಲ್ಲ ಅಳಿಸಿ ಹೊಸದಾಗಿ ಸಿದ್ಧ) ಮಾಡಬೇಕು ಎಂಬ ಸಂದೇಶ ಬಂದಾಗ ಬೆರಳು ಮೌಸಿನ ಮೇಲೇ ಇತ್ತು; ಮಗಳ ನಾಮಕರಣದ ಚಿತ್ರಗಳೆಲ್ಲ ಅದರಲ್ಲೇ ಇದ್ದುದರಿಂದ ಒತ್ತಲು ಧೈರ್ಯ ಬರಲಿಲ್ಲ. ಕಾರ್ಡ್ 64 ಜಿಬಿಯ ಎಸ್‌ಡಿಎಕ್ಸ್‌ಸಿ ಎಂಬ ಹೊಸ ಬಗೆಯದು, ರೀಡರ್ 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಎಂಬ ಹಳೆಯ ಬಗೆಯ ಕಾರ್ಡುಗಳ ಕಾಲದ್ದು. ಕೆಟ್ಟಿದ್ದು ಕಾರ್ಡಲ್ಲ, ಅದನ್ನು ಓದಲು ಆ ರೀಡರಿಗೆ ಬಾರದು, ಅಷ್ಟೆ.

ನಿನ್ನೆ ಹೊಸ ಡೇಟಾ ಕೇಬಲನ್ನು ಹಬ್‌ಗೆ (ಒಂದು ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆಗೆ) ಹಾಕದೆ ನೇರವಾಗಿ ಲ್ಯಾಪ್‌ಟಾಪಿನ ಪೋರ್ಟಿಗೇ ಜೋಡಿಸಿ, 412 ಚಿತ್ರಗಳನ್ನೂ ನಕಲಿಸಿಕೊಂಡೆ. ಹಾರ್ಡ್ ಡಿಸ್ಕಿಗೆ ಇನ್ನೊಂದು ಪ್ರತಿ ಹೋಗಿ, ನಾಲ್ಕಾರು ಚಿತ್ರಗಳನ್ನು ತೆರೆದು ನೋಡಿದ ಮೇಲಷ್ಟೇ ಕಾರ್ಡನ್ನು ಖಾಲಿ ಮಾಡುತ್ತೇನೆ, ಅದೂ ಕ್ಯಾಮೆರಾದ ಮೆನುವಿನಿಂದಲೇ.