ಮುತ್ತಜ್ಜ ಇದ್ದ ಮನೆ ಹುಡುಕೋದು ಹೇಗೆ? ಹುಡುಕಿದವರು ಹೇಳಿ

ಪ್ರಶ್ನೆ, ಬೆಂಗಳೂರಿನಿಂದ:

ನಮ್ಮ ಮುತ್ತಜ್ಜ ಹಾವೇರಿ ಕಡೆಯ ಹಳ್ಳಿ ಬಿಟ್ಟು ದಾವಣಗೆರೆಗೆ ಮಿಲ್ ಕೆಲಸಕ್ಕೆ ಬಂದರಂತೆ. ಆಮೇಲೆ ಯಾರೂ ತಿರುಗಿ ಹೋಗಿಲ್ಲ. ಊರಿನ ಹೆಸರು ಗೊತ್ತು, ಆದರೆ ಅದೇ ಹೆಸರಿನ ಊರು ಆ ಕಡೆ ಮೂರಿವೆ. ಅಪ್ಪನಿಗೆ ಈಗ 78. ಆ ಮನೆ, ಇಲ್ಲಾ ಆ ಜಾಗ, ಒಮ್ಮೆ ನೋಡಬೇಕು ಅಂತಾರೆ. ಆಸ್ತಿ ಗೀಸ್ತಿ ಏನೂ ಬೇಡ. ಎಲ್ಲಿಂದ ಶುರು ಮಾಡಲಿ?

ಗದಗದಿಂದ:

ಇದೇ ಕೆಲಸಕ್ಕೆ ನಾನು ಎರಡು ವರ್ಷ ಓಡಾಡಿದ್ದೇನೆ, ಅದರಲ್ಲಿ ಒಂದೂವರೆ ವರ್ಷ ದಂಡ. ಯಾಕಂದ್ರೆ ನಾನು ಮೊದಲು ಹೋಗಿದ್ದು ಕಚೇರಿಗೆ. ಹೋಗಬೇಕಿದ್ದದ್ದು ನಮ್ಮ ದೊಡ್ಡಮ್ಮನ ಮನೆಗೆ.

ನಿಮ್ಮ ಸಂಬಂಧಿಕರಲ್ಲಿ ಯಾರಾದರೂ ಇನ್ನೂ ಹಳ್ಳಿಯಲ್ಲಿದ್ದರೆ ಅವರ ಮನೆಗೆ ಹೆಳವರು ಬರ್ತಾರಾ ಕೇಳಿ. ಸುಗ್ಗಿ ಮುಗಿದ ಮೇಲೆ ಬಂದು ಮನೆತನದ ವಂಶಾವಳಿ ಹೇಳಿ ಕಾಳು ಕಡಿ ತಗೊಂಡು ಹೋಗುತ್ತಾರಲ್ಲ, ಅವರು. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ನಮ್ಮಲ್ಲಿಗೆ ಬಂದವರು ಟೆಂಪೋದಲ್ಲಿ ಬಂದರು. ಯಾವ ಹೆಳವರಿಗೆ ಯಾವ ಮನೆತನ ಅಂತ ಅವರವರಲ್ಲೇ ಹಂಚಿಕೆ ಇರುತ್ತದೆ, ಹಾಗಾಗಿ ಸಿಕ್ಕವರನ್ನೆಲ್ಲ ಕೇಳಿ ಉಪಯೋಗ ಇಲ್ಲ, ನಿಮ್ಮ ಮನೆಯವರೇ ಆಗಬೇಕು. ದೊಡ್ಡಮ್ಮನ ಕಟ್ಟೆ ಮೇಲೆ ಕೂತು ಹಳೇ ವಹಿ ಬಿಚ್ಚಿ, ಯಾರಿಗೆ ಯಾರು ಮಗ, ಯಾವ ಊರಿಂದ ಹೆಣ್ಣು ತಂದರು, ಯಾರು ದತ್ತು ಹೋದರು, ಎಲ್ಲ ರಾಗವಾಗಿ ಓದುತ್ತಾ ಹೋದರು. ನಡುವೆ ನಿಲ್ಲಿಸಿ, "ನಿಮ್ಮ ಮಂದಿ ಮೂಲದಾಗ ಈ ಊರವರಲ್ರೀ ಯವ್ವಾ, ಪಿಲೇಗು ಬಂದಾಗ ಹಳೇ ಊರು ಬಿಟ್ಟಾರ" ಅಂದರು. ನಾನು ಒಂದೂವರೆ ವರ್ಷ ಹುಡುಕಿದ್ದು ಪಕ್ಕದ ಊರನ್ನು!

1898ರ ಹೊತ್ತಿಗೆ ಹುಬ್ಬಳ್ಳಿ ಧಾರವಾಡ ಕಡೆ ಪ್ಲೇಗ್ ಜೋರಾಗಿತ್ತು. ಹಾಗೆ ಖಾಲಿಯಾದ ಊರುಗಳಲ್ಲಿ ಕೆಲವಕ್ಕೆ ಜನ ತಿರುಗಿ ಬರಲೇ ಇಲ್ಲ. ಇಂಥ ಊರಿಗೆ ದಾಖಲೆಯಲ್ಲಿ ಬೇಚರಾಕ್ ಗ್ರಾಮ ಅಂತಾರೆ, ದೀಪ ಹಚ್ಚುವವರಿಲ್ಲದ ಊರು ಅಂತ ಅರ್ಥ. ನಮ್ಮದೂ ಅದೇ. ಹೋಗಿ ನೋಡಿದರೆ ಜೋಳದ ಹೊಲದ ನಡುವೆ ಒಂಟಿ ಹನುಮಪ್ಪನ ಗುಡಿ. ಪಕ್ಕದ ಹೊಲದ ಅಜ್ಜ ಬಂದು ಗುಡಿ ಹಿಂದೆ ಕರಕೊಂಡು ಹೋಗಿ ಕಾಲಲ್ಲಿ ಮಣ್ಣು ಸರಿಸಿ ಒಂದು ಚಪ್ಪಡಿ ತೋರಿಸಿದರು. ಕಾಳು ತುಂಬಿಡುವ ಹಗೇವಿನ ಬಾಯಿ. "ಎತ್ತು ಇದರಾಗ ಕಾಲು ಇಟ್ಟಾವು ಅಂತ ನಮ್ಮಪ್ಪ ಮುಚ್ಚಿದ್ದ" ಅಂದರು. ಹಗೇವು ಇತ್ತು ಅಂದಮೇಲೆ ಅಲ್ಲಿ ಮನೆ ಇತ್ತು. ನಮ್ಮದೇನಾ? ಹೇಳುವವರು ಯಾರೂ ಇಲ್ಲ. ನಮ್ಮ ಕಾಕಾ ಮಾತ್ರ ಆ ಚಪ್ಪಡಿ ಮೇಲೆ ಅರ್ಧ ಗಂಟೆ ಕೂತಿದ್ದರು.

ನಿವೃತ್ತ ಗ್ರಾಮ ಲೆಕ್ಕಾಧಿಕಾರಿ, ರಾಣೆಬೆನ್ನೂರು:

ಗದಗದ ತಂಗಿ ಹೇಳಿದ್ದು ಸರಿ, ಆದರೆ ಕಾಗದ ಪೂರಾ ದಂಡ ಅಲ್ಲ. ತಪ್ಪು ಕಾಗದ ಕೇಳಿದರೆ ದಂಡ. ನನ್ನ ಸರ್ವಿಸಿನಲ್ಲಿ ಎಷ್ಟೋ ಜನ ಬಂದು "ಅಜ್ಜನ ಮನೆ ಪಹಣಿ ಕೊಡಿ" ಅನ್ನುತ್ತಿದ್ದರು. ಮನೆಗೆ ಪಹಣಿ ಇರಲ್ಲ. ಪಹಣಿ ಹೊಲಕ್ಕೆ. ಮನೆಗಳಿರುವುದು ಗ್ರಾಮಠಾಣಾದಲ್ಲಿ, ಅಂದರೆ ಊರೊಳಗಿನ ವಾಸದ ಜಾಗದಲ್ಲಿ, ಅದರ ಲೆಕ್ಕ ಪಂಚಾಯಿತಿಯಲ್ಲಿ, ಅದೂ ಬಹಳ ಹಿಂದಕ್ಕೆ ಹೋಗಲ್ಲ.

ಹಾಗಾಗಿ ಮನೆ ಬಿಡಿ, ಹೊಲ ಹಿಡೀರಿ. ಹೊಲ ಇದ್ದರೆ ಮಾರಿರುತ್ತಾರೆ, ಇಲ್ಲಾ ಅಣ್ಣತಮ್ಮಂದಿರಿಗೆ ಬಿಟ್ಟಿರುತ್ತಾರೆ. 2000ರ ಆಸುಪಾಸಿನಲ್ಲಿ ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂತು, ಅದಕ್ಕಿಂತ ಹಿಂದಿನದು ಕೈಬರಹದ್ದು, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತದೆ. ಹೆಸರು ಬದಲಾದಾಗಲೆಲ್ಲ ಮ್ಯುಟೇಷನ್ ಆಗಿರಬೇಕು, ಅದನ್ನು ಹಿಡಿದು ಒಂದೊಂದೇ ಹಿಂದಕ್ಕೆ ಹೋಗಿ. ಇನ್ನೊಂದು ಮಾತು. ಹಾವೇರಿ ಜಿಲ್ಲೆ ಆಗಿದ್ದೇ 1997ರಲ್ಲಿ. ಅದಕ್ಕೆ ಮೊದಲಿನ ಕಾಗದದಲ್ಲಿ ಧಾರವಾಡ ಜಿಲ್ಲೆ ಅಂತ ಇರುತ್ತದೆ, 1956ಕ್ಕೂ ಹಿಂದಿನದಾದರೆ ಮುಂಬಯಿ ಪ್ರಾಂತ್ಯ. ಹಾವೇರಿ ಅಂತ ಹುಡುಕಿ ಸಿಗಲಿಲ್ಲ ಅಂತ ವಾಪಸ್ ಹೋಗಬೇಡಿ.

ಮನೆಯನ್ನೇ ಮಾರಿದ್ದರೆ ನಿಮ್ಮ ಅದೃಷ್ಟ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಸರಿನ ಇಂಡೆಕ್ಸ್ ನೋಡಿಸಿ ಕ್ರಯಪತ್ರದ ನಕಲು ತೆಗೆಸಿ. ಅದರಲ್ಲಿ ಚಕ್ಕುಬಂದಿ ಓದಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಇಂಥವರ ಹಿತ್ತಲು ಅಂತ. ನಿಮ್ಮ ಮುತ್ತಜ್ಜನ ಹೆಸರು ಹೇಳಿದರೆ ಊರಲ್ಲಿ ಯಾರಿಗೂ ಗೊತ್ತಾಗಲ್ಲ, ಅವರು ಊರು ಬಿಟ್ಟವರು. ಪೂರ್ವದ ಮನೆಯವರ ಮೊಮ್ಮಕ್ಕಳು ಬಹುಶಃ ಅಲ್ಲೇ ಇರುತ್ತಾರೆ. ಅವರ ಮನೆ ಕೇಳಿ, ಪಕ್ಕದ್ದು ನಿಮ್ಮದು. ನಾನು ನೋಡಿದ್ದರಲ್ಲಿ ಮನೆ ಸಿಕ್ಕಿದ್ದೆಲ್ಲ ಹೀಗೇ.

ಹೊಲದ ಜಾಗ ನೋಡಬೇಕಿದ್ದರೆ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ನಮ್ಮ ಕಾಲದಲ್ಲಿ ಇದು ಇದ್ದಿದ್ದರೆ ನನ್ನ ಅರ್ಧ ಚಪ್ಪಲಿ ಉಳಿಯುತ್ತಿತ್ತು.

ಉಡುಪಿಯಿಂದ:

ನಮ್ಮಲ್ಲಿ ಲೆಕ್ಕ ಬೇರೆ. ಮನೆ ಬಿದ್ದು ಹೋಗಲಿ, 1974ರ ಭೂಸುಧಾರಣೆಯಲ್ಲಿ ಜಾಗ ಒಕ್ಕಲಿಗೆ ಹೋಗಲಿ, ಮೂಲ ನಾಗಬನ ಮಾತ್ರ ಅಲ್ಲೇ ಇರುತ್ತದೆ. ನಾಗರ ಪಂಚಮಿ ದಿನ ನಮ್ಮ ಮೂಲ ಬನಕ್ಕೆ ಹೋಗಿ ಕೂತೆ. ಮುಂಬೈ, ಭದ್ರಾವತಿ, ಎಲ್ಲೆಲ್ಲಿಂದಲೋ ಬಂದ ಕುಟುಂಬದವರು ನಾಗನಿಗೆ ತನು (ಹಾಲು) ಹಾಕಿ ಹೋಗುತ್ತಿದ್ದರು. ಅಲ್ಲಿದ್ದ 80 ದಾಟಿದ ಅಜ್ಜಿಯೊಬ್ಬರು ತೆಂಗಿನ ತೋಟದ ಆಚೆ ಕೈ ತೋರಿಸಿ "ಚಾವಡಿ ಇದ್ದದ್ದು ಅಲ್ಲಿ" ಅಂದರು. ನಮ್ಮಲ್ಲಿ ಚಾವಡಿ ಅಂದರೆ ಮನೆಯ ಪಡಸಾಲೆ. ನಿಮ್ಮ ಕಡೆ ನಾಗಬನ ಇಲ್ಲದಿದ್ದರೂ ಮನೆದೇವರು ಇರುತ್ತಲ್ವಾ, ಜಾತ್ರೆ ದಿನ ಹೋಗಿ. ಅದೇ ಹೆಸರಿನ ಮೂರು ಊರಲ್ಲಿ ಯಾವ ಊರವರು ಆ ದೇವರಿಗೆ ನಡೆದುಕೊಳ್ಳುತ್ತಾರೆ ಅಂತ ಪೂಜಾರಿಗೆ ಗೊತ್ತಿರುತ್ತದೆ.

ಸಾಗರದಿಂದ:

ನಮ್ಮ ಅಜ್ಜನ ಮನೆ ಎಲ್ಲಿದೆ ಅಂತ ಪಕ್ಕಾ ಗೊತ್ತು, ನೀರಿನಡಿ. 1964ರ ಲಿಂಗನಮಕ್ಕಿ. ಅಣೆಕಟ್ಟು ತುಂಬಿದರೆ 1819 ಅಡಿ, ಆಗ ಏನೂ ಕಾಣಲ್ಲ. ಮಳೆ ಕೈಕೊಟ್ಟ ವರ್ಷ ಮೇ ತಿಂಗಳಲ್ಲಿ ನೀರು ಇಳಿದಾಗ ಇದೇ ನೀರಲ್ಲಿ ಮುಳುಗಿದ ಮಡೆನೂರಿನ ಹಳೇ ಡ್ಯಾಮೇ ಮೇಲೆ ಬರುತ್ತದೆ. ಅಂಥ ಒಂದು ವರ್ಷ ಅಪ್ಪನ ಜೊತೆ ಕೆಸರಲ್ಲಿ ನಡೆದು ಹೋಗಿದ್ದೆ. ಗೋಡೆ ಇಲ್ಲ, ಅಂಗಳಕ್ಕೆ ಹತ್ತುವ ಮೆಟ್ಟಿಲು ಮೂರು ಇತ್ತು. ಅಪ್ಪ ಚಪ್ಪಲಿ ಬಿಟ್ಟು ಹತ್ತಿದರು. ಮುಳುಗಡೆ ಊರು ಹುಡುಕುವವರು ಅಣೆಕಟ್ಟೆಗಿಂತ ಹಿಂದಿನ ಸರ್ವೆ ಆಫ್ ಇಂಡಿಯಾ ನಕ್ಷೆ ನೋಡಿ, ಊರಿನ ಹೆಸರು ಅದರಲ್ಲಿರುತ್ತದೆ.

ಮೈಸೂರಿನಿಂದ:

ಒಂದು ಎಚ್ಚರಿಕೆ. ಇನಿಷಿಯಲ್ ನಂಬಿ ಹೊರಡಬೇಡಿ. ವಿಶ್ವೇಶ್ವರಯ್ಯನವರ ಮೋಕ್ಷಗುಂಡಂ ಆಂಧ್ರದ ಊರು, ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಹೆಸರಿನ ಹಿಂದಿನ ಊರು ಎಷ್ಟೋ ತಲೆಮಾರು ಹಿಂದಿನದಾಗಿರಬಹುದು.

ಮತ್ತೆ, ಕೈಯಲ್ಲಿ ಫೈಲ್ ಹಿಡಿದು ಹೋಗಬೇಡಿ. ನಾನು ಹೋಗಿದ್ದೆ, ಜೊತೆಗೆ ಲಾಯರ್ ಆಗಿರುವ ಭಾವ ಬೇರೆ. ಮನೆಯವರು ಜಗಲಿ ಮೇಲೂ ಕೂರಿಸಲಿಲ್ಲ. "ಪಾಲು ಕೇಳೋಕೆ ಬಂದ್ರಾ?" ಅಂದರು. ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲಿ ಕಾನೂನು ಬಂದಮೇಲೆ ಈ ಭಯ ಜಾಸ್ತಿ, ಅವರದ್ದೂ ತಪ್ಪಿಲ್ಲ. ಎರಡನೇ ಸಲ ಅಮ್ಮನನ್ನು ಕರಕೊಂಡು ಹೋದೆ, ಒಂದು ಚಿಪ್ಪು ಬಾಳೆಹಣ್ಣು, ಅಜ್ಜನ ಫೋಟೋ, ಅಷ್ಟೇ. ಕಾಫಿ ಕೊಟ್ಟರು, ಅಡುಗೆಮನೆವರೆಗೂ ಕರಕೊಂಡು ಹೋಗಿ ತೋರಿಸಿದರು. ನಿಮ್ಮ ಅಪ್ಪನನ್ನೇ ಮುಂದೆ ಬಿಡಿ. ನೀವು ಹಿಂದೆ ನಿಂತಿರಿ, ಮೊಬೈಲ್ ಜೇಬಲ್ಲಿರಲಿ. ಫೋಟೋ ಆಮೇಲೆ ಕೇಳಿ ತೆಗೆದುಕೊಳ್ಳಿ.

ಗದಗದಿಂದ, ಮತ್ತೆ:

ಚಕ್ಕುಬಂದಿ ವಿಷಯ ನನಗೂ ಗೊತ್ತಿರಲಿಲ್ಲ ಸರ್, ನಾಳೆಯೇ ನಮ್ಮ ಹಳೇ ಪತ್ರ ತೆಗೆಯುತ್ತೇನೆ. ಬೆಂಗಳೂರಿನವರೇ, ಮೂರು ಊರಿನ ಹೆಸರು ಒಂದೇ ಅಂದಿರಿ, ಆದರೆ ಮನೆದೇವರು ಯಾವುದು, ಅಡ್ಡಹೆಸರು ಏನು, ಎರಡನ್ನೂ ಬರೆದೇ ಇಲ್ಲವಲ್ಲ. ಮೊದಲು ಅದನ್ನು ಅಪ್ಪನ ಹತ್ತಿರ ಕೇಳಿ ಹೇಳಿ.