ಸೆರಾಮಿಕ್ ಗ್ರಿಲ್‌ನಲ್ಲಿ ಇಡೀ ಟರ್ಕಿ ಕೋಳಿ: ಎದೆ ಮಾಂಸ ಒಣಗದ ಹಾಗೆ ಹೇಗೆ?

ಕಬ್ಬಿನಗದ್ದೆ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಬಾವ ಬೆಂಗಳೂರಿನ ಮನೆ ಖಾಲಿ ಮಾಡುವಾಗ ಅವರ ಸೆರಾಮಿಕ್ ಗ್ರಿಲ್ (ದಪ್ಪ ಪಿಂಗಾಣಿ ಗೋಡೆ, ಮುಚ್ಚಳ ಇರೋ ಇದ್ದಿಲು ಒಲೆ) ನಮಗೆ ಕೊಟ್ಟುಹೋದರು. ಕೋಳಿ, ಕುರಿ ತೊಡೆ ಎಲ್ಲಾ ಚೆನ್ನಾಗೇ ಬಂತು. ಹೋದ ಡಿಸೆಂಬರ್‌ನಲ್ಲಿ 5 ಕೆ.ಜಿ. ಟರ್ಕಿ ಇಟ್ಟೆ, 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐದೂವರೆ ಗಂಟೆ. ತೊಡೆ ಪರವಾಗಿಲ್ಲ. ಎದೆ ಮಾಂಸ ಮಾತ್ರ ತೆಂಗಿನ ನಾರು ಅಗಿದ ಹಾಗೆ, ಮೇಲೆ ಹೊಗೆ ಕಹಿ ಬೇರೆ. ಅಂಗಡಿಯವರು ಚರ್ಮ ಸುಲಿದೇ ಕೊಟ್ಟಿದ್ದರು. ಅವ್ವ ಏನೂ ಅನ್ನಲಿಲ್ಲ, ಉಳಿದ ತುಂಡನ್ನೆಲ್ಲ ಮಾರನೇ ದಿನ ಸಾರಿಗೆ ಹಾಕಿದಳು. ಈ ಸಲ ರಜೆಗೆ ಅಕ್ಕನ ಮಕ್ಕಳು ಬರ್ತಾ ಇದ್ದಾರೆ. ಉಪ್ಪು ಎಷ್ಟು, ಬೆಂಕಿ ಎಷ್ಟು, ದಯವಿಟ್ಟು ಹೇಳಿ.

ಇದ್ದಿಲೊಲೆ, ಮೈಸೂರು

ಚರ್ಮ ಸುಲಿಸಿದ್ದೇ ತಪ್ಪಾಗಿದ್ದು ತಮ್ಮಾ. ಟರ್ಕಿ ಎದೆಯಲ್ಲಿ ಕೊಬ್ಬು ಬಹಳ ಕಮ್ಮಿ, ಅದನ್ನ ಕಾಯೋದು ಚರ್ಮವೇ. ನಾಟಿ ಕೋಳಿ ಥರ ಬಿಸಿನೀರಿಗೆ ಅದ್ದಿ ಪುಕ್ಕ ಕಿತ್ತುಕೊಡೋಕೆ ಹೇಳಿ. ಉಳಿದ ಸಣ್ಣ ತುಪ್ಪಳನ ಉರೀಲಿ ಸುಟ್ಟು, ಅರಿಶಿನ ಹಚ್ಚಿ ತೊಳೀರಿ.

ಹಿಂದಿನ ದಿನವೇ ಕೆ.ಜಿ.ಗೆ 12 ಗ್ರಾಂ ಲೆಕ್ಕದಲ್ಲಿ ಪುಡಿ ಉಪ್ಪು ಒಳಗೂ ಹೊರಗೂ ಸವರಿ, ಫ್ರಿಜ್‌ನಲ್ಲಿ ಮುಚ್ಚದೆ ಇಡಿ. ಮೊದಲು ಮೈಯೆಲ್ಲ ಬೆವರಿದ ಹಾಗೆ ನೀರು ಬಿಡುತ್ತೆ. ಗಾಬರಿ ಬೇಡ, ಆ ಉಪ್ಪು ನೀರನ್ನ ಮಾಂಸವೇ ವಾಪಸ್ ಎಳ್ಕೊಳ್ಳುತ್ತೆ. ಬೆಳಿಗ್ಗೆ ಮುಟ್ಟಿದರೆ ಚರ್ಮ ಹಾಳೆ ಥರ ಒಣಗಿ ಬಿಗಿಯಾಗಿರಬೇಕು. ಆಮೇಲೆ 100 ಗ್ರಾಂ ಬೆಣ್ಣೆಗೆ ಜಜ್ಜಿದ ಬೆಳ್ಳುಳ್ಳಿ, ಮೆಣಸು, ಧನಿಯಾ ಪುಡಿ, ಸ್ವಲ್ಪ ಬ್ಯಾಡಗಿ ಪುಡಿ ಕಲಸಿ ಎದೆ ಚರ್ಮದಡಿ ಬೆರಳು ಹಾಕಿ ತಳ್ಳಿ. ಇದಕ್ಕೆ ಮತ್ತೆ ಉಪ್ಪು ಬೇಡ.

ಬೆಂಕಿ 160 ಡಿಗ್ರಿ. ನೀವು ಇಟ್ಟ 110ಕ್ಕೆ ಚರ್ಮ ಇದ್ದಿದ್ದರೂ ರಬ್ಬರ್ ಆಗ್ತಿತ್ತು. ಕೆಂಡಕ್ಕೂ ಕೋಳಿಗೂ ಮಧ್ಯೆ ಕಲ್ಲಿನ ತಟ್ಟೆ, ಅದರ ಮೇಲೆ ನೀರಿನ ಟ್ರೇ. 140 ದಾಟುತ್ತಿದ್ದಂಗೆ ಗಾಳಿ ಕಿಂಡಿ ಕಮ್ಮಿ ಮಾಡ್ತಾ ಬನ್ನಿ; ಸೆರಾಮಿಕ್ ಒಂದ್ಸಲ ಮಿತಿಮೀರಿ ಕಾದರೆ ಇಳಿಯೋಕೆ ಬಹಳ ಹೊತ್ತು. ಕಹಿ ಬಂದಿದ್ದು ದಟ್ಟ ಬಿಳಿ ಹೊಗೆಯಿಂದ. ಅದು ಹೋಗಿ ತೆಳ್ಳಗೆ ನೀಲಿ ಹೊಗೆ ಬಂದ ಮೇಲೆ ಕೋಳಿ ಇಡಿ. ಮುಚ್ಚಳನ ಒಮ್ಮೆಲೇ ತೆರೀಬೇಡಿ, ಎರಡಿಂಚು ಎತ್ತಿ ಸ್ವಲ್ಪ ತಡೀರಿ. ಇಲ್ಲಾಂದ್ರೆ ಗಾಳಿ ನುಗ್ಗಿ ಬೆಂಕಿ ಮುಖಕ್ಕೇ ಏಳುತ್ತೆ.

ಗಡಿಯಾರ ನಂಬಬೇಡಿ, ಸೂಜಿ ಥರ್ಮಾಮೀಟರ್ ತಗೊಳ್ಳಿ. ಮೂಳೆಗೆ ತಾಗದ ಹಾಗೆ ಚುಚ್ಚಿದಾಗ ಎದೆ 74, ತೊಡೆ 80 ತೋರಿಸಬೇಕು. ಅಷ್ಟು ತೋರಿಸಿದ ಮೇಲೂ ಮೂಳೆ ಹತ್ತಿರ ನಸುಗೆಂಪು ಕಂಡರೆ ಅದು ಹಸಿ ಅಲ್ಲ. ಇಳಿಸಿ ಅರ್ಧ ಗಂಟೆ ಬಿಟ್ಟು ಕೊಯ್ಯಿರಿ.

ಸೀಬೆತೋಟ

ಅಕ್ಕ ಹೇಳಿದ್ದೆಲ್ಲ ಸರಿ. ಕಟ್ಟಿಗೆ ಬಗ್ಗೆ ಒಂದು ಮಾತು: ಚೆನ್ನಾಗಿ ಒಣಗಿದ ಸೀಬೆ ಮರದ್ದು, ಮುಷ್ಟಿ ಗಾತ್ರದ ಎರಡೇ ತುಂಡು ಸಾಕು. ಎಣ್ಣೆ ಅಂಶ ಇರೋ ನೀಲಗಿರಿ ಬೇಡವೇ ಬೇಡ. ಮಂಡ್ಯದವರು ಬೆಲ್ಲ ಹಚ್ಚದೆ ಬಿಡಲ್ಲ ಅಂತ ಗೊತ್ತು. ಕರಗಿಸಿ ಕೊನೇ 20 ನಿಮಿಷದಲ್ಲಿ ಸವರಿ, ಮೊದಲೇ ಹಚ್ಚಿದರೆ ಕಪ್ಪಾಗುತ್ತೆ.

ಕಬ್ಬಿನಗದ್ದೆ, ಮಂಡ್ಯ

ಮಾಡಿದೆ ಅಕ್ಕ! ಎರಡು ಗಂಟೆ ಐವತ್ತು ನಿಮಿಷಕ್ಕೆ ಎದೆ 74 ಮುಟ್ಟಿತು. ಕೊಯ್ದಾಗ ಹಲಗೆ ಮೇಲೆ ರಸ ಹರೀತು, ಅವ್ವ ಎದೆ ತುಂಡನ್ನೇ ಎರಡನೇ ಸಲ ಹಾಕಿಸ್ಕೊಂಡಳು. ಎಡಗಡೆ ತೊಡೆ ಮಾತ್ರ 75ರಲ್ಲೇ ನಿಂತಿತ್ತು, ಬಿಡಿಸಿ ಮತ್ತೆ ಹತ್ತು ನಿಮಿಷ ಇಟ್ಟೆ. ಕೆಂಡ ಒಂದೇ ಕಡೆ ಹೊತ್ತಿದ್ದರೆ ಹಂಗಾಗುತ್ತಾ?