ಕಾಸರಗೋಡಿಗೆ ರಾಜಧಾನಿ ತಿರುವನಂತಪುರವೋ, ಮಂಗಳೂರೋ?

ಪೈವಳಿಕೆಯ ವಿದ್ಯಾರ್ಥಿನಿ:
ರಾಜಧಾನಿಗೂ ಉಳಿದ ಊರುಗಳಿಗೂ ಇರುವ ಸಂಬಂಧದ ಬಗ್ಗೆ ಕಾಲೇಜಿಗೆ ಒಂದು ಪ್ರಾಜೆಕ್ಟ್ ಬರೆಯಬೇಕು. ಕರ್ನಾಟಕದ ಲೆಕ್ಕ ಸುಲಭ, ರಾಜಧಾನಿಯೇ ಎಲ್ಲಕ್ಕಿಂತ ದೊಡ್ಡ ಊರು. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಪ್ರದೇಶಕ್ಕೆ ಸುಮಾರು 85 ಲಕ್ಷ ಜನ, ನಂತರದ ಮೈಸೂರಿಗೆ 10 ಲಕ್ಷವೂ ಇಲ್ಲ. ನಮ್ಮ ಕೇರಳದಲ್ಲಿ ಹಾಗಲ್ಲ. ಕೊಚ್ಚಿ, ಕಲ್ಲಿಕೋಟೆ ಎರಡೂ 20 ಲಕ್ಷ ದಾಟಿವೆ, ತಿರುವನಂತಪುರ 17 ಲಕ್ಷದ ಹತ್ತಿರ. ಅದೂ ನಮ್ಮಿಂದ ರೈಲಿನಲ್ಲಿ 570 ಕಿ.ಮೀ. ಆಚೆ. ಹಾಗಾದರೆ ನಮಗೆ ಅದರಿಂದ ಆಗುವುದೇನು? ಎಲ್ಲದಕ್ಕೂ ಮಂಗಳೂರೇ ಅಲ್ವಾ?

ಬದಿಯಡ್ಕದ ಕೃಷಿಕ:
ಹೌದು, ಮಂಗಳೂರೇ. ಬೆಳಗ್ಗಿನ ಮಂಗಳೂರು ಬಸ್ಸು ಹತ್ತಿ ನೋಡಿ, ಎಕ್ಸ್‌ರೇ ಕವರ್ ಹಿಡಿದವರು, ಕಾಲೇಜಿನ ಮಕ್ಕಳು, ಮದುವೆ ಬಟ್ಟೆಗೆ ಹೊರಟವರು, ಎಲ್ಲರೂ ಅದರಲ್ಲೇ. ಅಡಿಕೆಯ ಮಾತಂತೂ ಕೇಳುವುದೇ ಬೇಡ. ಅಡಿಕೆ ಬೆಳೆಗಾರರ ಸಹಕಾರ ಸಂಘ ಕ್ಯಾಂಪ್ಕೋ 1973ರಲ್ಲಿ ಎರಡೂ ರಾಜ್ಯ ಸೇರಿ ಶುರುವಾದದ್ದು, ಮುಖ್ಯ ಕಚೇರಿ ಮಂಗಳೂರಿನಲ್ಲಿ. ಆದರೆ ನಮ್ಮ ಅಡಿಕೆ ಕೊಡಲು ಅಲ್ಲಿವರೆಗೆ ಹೋಗಬೇಕಾಗಿಲ್ಲ, ಇಲ್ಲೇ ಖರೀದಿ ಕೇಂದ್ರಗಳಿವೆ. ಪೇಟೆ ಅಂದರೆ ಹೀಗೆ ನಮ್ಮ ಹತ್ತಿರಕ್ಕೆ ಬರಬೇಕು.

ಮಂಜೇಶ್ವರದಿಂದ:
ಒಪ್ಪಿದೆ, ಆದರೆ ಕೋವಿಡ್ ಬಂದ 2020ರ ಮಾರ್ಚ್ ಮರೆಯಬೇಡಿ. ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು, ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸ್‌ಗಳನ್ನೂ ವಾಪಸ್ ಕಳಿಸಿದರು. ಸಮಯಕ್ಕೆ ಚಿಕಿತ್ಸೆ ಸಿಗದೆ ಜನ ತೀರಿಕೊಂಡರು. ಸಂಗತಿ ಸುಪ್ರೀಂ ಕೋರ್ಟ್‌ವರೆಗೆ ಹೋದ ಮೇಲೆ ರೋಗಿಗಳಿಗೆ ದಾರಿ ಬಿಟ್ಟದ್ದು. ಮಂಗಳೂರು ಎಷ್ಟೇ ಹತ್ತಿರ ಇರಲಿ, ಅಲ್ಲಿನ ಸರ್ಕಾರಕ್ಕೆ ನಾವು ಓಟು ಹಾಕುವವರಲ್ಲ. ಬಾಗಿಲು ಮುಚ್ಚಿದಾಗ ಯಾರನ್ನು ಕೇಳುವುದು?

ನಿವೃತ್ತ ನೌಕರ, ಕುಂಬಳೆ:
ತಂಗಿ, ಅದೇ ವರ್ಷ ಏಪ್ರಿಲ್‌ನಲ್ಲಿ ತಿರುವನಂತಪುರ ಮೆಡಿಕಲ್ ಕಾಲೇಜಿನ ಡಾಕ್ಟರುಗಳ ತಂಡ ಇಲ್ಲಿಗೆ ಬಂದು ಉಕ್ಕಿನಡ್ಕದಲ್ಲಿ ಕೋವಿಡ್ ಆಸ್ಪತ್ರೆ ಶುರು ಮಾಡಿತು. ಇದನ್ನೂ ಬರೆಯಿರಿ. ರಾಜಧಾನಿಯಿಂದ ಏನೂ ಆಗಿಲ್ಲ ಅನ್ನುವುದು ಸರಿಯಲ್ಲ, ಆದರೆ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ, ರೋಗಿಗಳನ್ನು ಸೇರಿಸಿಕೊಂಡದ್ದು ಗಡಿ ಮುಚ್ಚಿ ಕುತ್ತಿಗೆಗೆ ಬಂದ ಮೇಲೆ. ನನಗೆ ಸಿಟ್ಟಿರುವುದು ಇದರ ಮೇಲೆಯೇ.

ಇನ್ನೊಂದು, ಕೇರಳದಲ್ಲಿ ಎಲ್ಲವೂ ಒಂದೇ ಊರಿನಲ್ಲಿಲ್ಲ. ಸೆಕ್ರೆಟರಿಯೇಟ್, ಪಿಎಸ್‌ಸಿ ಮುಖ್ಯ ಕಚೇರಿ ತಿರುವನಂತಪುರದಲ್ಲಿ, ಹೈಕೋರ್ಟ್ ಕೊಚ್ಚಿಯಲ್ಲಿ. 1984ರಲ್ಲಿ ಕಾಸರಗೋಡು ಜಿಲ್ಲೆಯಾದ ಮೇಲೆ ಕಲೆಕ್ಟರೇಟಿನ ಕೆಲಸಕ್ಕೆ ಕಣ್ಣೂರಿಗೆ ಹೋಗುವುದು ತಪ್ಪಿತು. ಆದರೂ ಮೇಲಿನ ಫೈಲು ಅಂದರೆ ಸಂಜೆ ಮಾವೇಲಿಯೋ ಮಲಬಾರೋ ರೈಲು ಹತ್ತಿ ರಾತ್ರಿಯಿಡೀ ಪ್ರಯಾಣ. ಬೆಳಿಗ್ಗೆ ಇಳಿದು ಕೌಂಟರಿನಲ್ಲಿ ಕನ್ನಡದ ಕಾಗದ ಕೊಟ್ಟರೆ ಓದುವವರು ಸಿಗುವುದು ಕಷ್ಟ. ಜನಸಂಖ್ಯೆಯ ಪಟ್ಟಿ ಬಿಟ್ಟು, ಯಾವ ಕೆಲಸಕ್ಕೆ ಯಾವ ಊರು ಅಂತ ಮನೆಮನೆಗೆ ಕೇಳಿ ಬರೆಯಿರಿ.

ಪೈವಳಿಕೆಯ ವಿದ್ಯಾರ್ಥಿನಿ:
ತುಂಬಾ ಉಪಕಾರ ಆಯ್ತು. ಆಸ್ಪತ್ರೆಯಿಂದಲೇ ಶುರು ಮಾಡುತ್ತೇನೆ.